ಚಿನ್ ಬುಜಿಯ ಕೈಮಸಿ

ನಮ್ಮ ಸೈಗಾನ್ ಕಡೆ ಮನೆಯ ಮೊದಲ ಮಗುವನ್ನು ಯಾರೂ ಒಂದು ಅನ್ನುವುದಿಲ್ಲ, ಎಣಿಕೆ ಎರಡರಿಂದಲೇ ಶುರು. ಹಾಗಾಗಿ ಎಂಟನೇ ಮಗುವಾಗಿ ಹುಟ್ಟಿದ ನನ್ನ ಗೆಳತಿ ಚಿನ್, ಅಂದರೆ ಒಂಬತ್ತು. ನಾನು ತಾಮ್, ಎಂಟು. ಎಂಟು ಅಂದರೆ ನಮ್ಮಲ್ಲಿ ಊರ ಸುದ್ದಿಯೆಲ್ಲ ತನಗೇ ಬೇಕು ಅನ್ನುವ ಹೆಂಗಸು ಅಂತಲೂ ಆಗುತ್ತದೆ. ಆ ಹೆಸರು ನನಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಅಂತ ಚಿನ್ ಹೇಳುತ್ತಾಳೆ. ಹೇಳಲಿ, ನನಗೇನು. ದಿನಾ ನನ್ನ ಕಾಫಿ ಕುಡಿದು ನನ್ನನ್ನೇ ಆಡಿಕೊಳ್ಳುವ ಧೈರ್ಯ ಇರುವುದು ಅವಳೊಬ್ಬಳಿಗೆ, ಅವಳ ಸುದ್ದಿ ಹೇಳುವ ಹಕ್ಕು ಇರುವುದು ನನ್ನೊಬ್ಬಳಿಗೆ.

ಎಂಟನೇ ಜಿಲ್ಲೆಯ ಸೇತುವೆ ಬುಡದಲ್ಲಿ ನನ್ನ ಕಾಫಿ ಗಾಡಿ, ಅದರ ಪಕ್ಕ ಅವಳ ಅಂಗಡಿ. ಅಂಗಡಿ ಅಂದರೆ ಒಂದು ತಗಡಿನ ಪೆಟ್ಟಿಗೆ, ಒಂದು ಕುಳ್ಳ ಸ್ಟೂಲು, ಒಂದು ಹಳೇ ಟೈರು. ಟೈರಿನ ಮೇಲೆ ಸುಣ್ಣದಲ್ಲಿ ‘ಬುಜಿ’ ಅಂತ ಬರೆದಿದೆ. ಬೈಕಿನ ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿಗೆ ನಾವು ಹಾಗನ್ನುವುದು. ಗಂಡ ತೀರಿಕೊಂಡ ಮೇಲೆ ಅವನ ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದು ಅವನ ಸ್ಟೂಲಿನ ಮೇಲೆ ಕೂತವಳು, ಆಮೇಲೆ ಎದ್ದಿದ್ದೇ ಕಡಿಮೆ.

ನಮ್ಮ ರಸ್ತೆಗೆ ನೀರು ನುಗ್ಗಲು ಮಳೆ ಬೇಕಿಲ್ಲ, ಸಮುದ್ರ ಉಬ್ಬಿದರೆ ಸಾಕು. ಬಿಸಿಲು ಚೆನ್ನಾಗಿ ಕಾಯುತ್ತಿರುವಾಗಲೇ ಚರಂಡಿಯ ಬಾಯಿಂದ ಬುಳುಬುಳು ಅಂತ ಕಾಲುವೆ ನೀರು ಮೇಲೆ ಬರುತ್ತದೆ. ಮೊಣಕಾಲುದ್ದ ನೀರಲ್ಲಿ ಬೈಕುಗಳು ಕೆಮ್ಮಿ ಕೆಮ್ಮಿ, ಸರಿಯಾಗಿ ಚಿನ್ ಮುಂದೆ ಬಂದು ನಿಲ್ಲುತ್ತವೆ.

“ಈ ನೀರು ಬಿಡೋದು ನೀನೇ ಇರ್ಬೇಕು ಕಣಕ್ಕ,” ಅಂತ ಗಿರಾಕಿಗಳು ಕೆಣಕುತ್ತಾರೆ.

“ಹೂಂ, ಸಮುದ್ರದ ನಲ್ಲಿ ನಮ್ಮನೇಲೇ ಇರೋದು. ಸೀಟಿಂದ ಇಳಿ ಮೊದ್ಲು.”

ಅವಳ ಕೆಲಸ ನೋಡುವುದೇ ಒಂದು ಚೆಂದ. ಸ್ಪಾನರ್ ತಿರುಗಿಸಿ ಬುಜಿ ಬಿಚ್ಚಿ, ಮೊದಲು ಮೂಸುತ್ತಾಳೆ. ಆಮೇಲೆ ಬಟ್ಟೆಯಲ್ಲಿ ಒರೆಸಿ, ಬಾಯಿಯ ಒಂದು ಕೊನೆಯಿಂದ ಉಫ್ ಅಂತ ಊದುತ್ತಾಳೆ. ಮಸಿ ಕಟ್ಟಿದ್ದರೆ ಸೈಕಲ್ ಬ್ರೇಕಿನ ತಂತಿ ಬಿಚ್ಚಿ ಮಾಡಿಕೊಂಡ ಕುಂಚದಲ್ಲಿ ಉಜ್ಜುವುದು. ಎಣ್ಣೆ ಹಿಡಿದಿದ್ದರೆ ನನ್ನ ಗಟ್ಟಿಹಾಲಿನ ಖಾಲಿ ಡಬ್ಬಿಯಲ್ಲಿ ಒಂದು ಗುಟುಕು ಪೆಟ್ರೋಲ್ ಉರಿಸಿ ಅದರ ಮೇಲೆ ಹಿಡಿಯುವುದು. ಕೊನೆಗೆ ತುದಿಯ ಸಂದು ಅಳೆಯಬೇಕಲ್ಲ, ಅದಕ್ಕೂ ನನ್ನ ಡಬ್ಬಿಯದೇ ಒಂದು ಚೂರು ತಗಡು, ಮೂರು ಮಡಿಕೆ ಮಾಡಿದ್ದು. ಅದು ಸಂದಿನಲ್ಲಿ ಬಿಗಿಯಾಗಿ ಜಾರಿದರೆ ಕೆಲಸ ಮುಗಿಯಿತು, ಬೈಕು ಒಂದೇ ಒದೆತಕ್ಕೆ ಎದ್ದಿತು.

ಬಿಸಾಡುವ ಮಾತು ಅವಳ ಹತ್ತಿರ ಎತ್ತಬಾರದು. ಯಾರಾದರೂ “ಹಳೇದು ಬಿಟ್ಟಾಕಿ ಹೊಸ ಬುಜಿ ಹಾಕಕ್ಕ” ಅಂದರೆ ಸಾಕು, ಶುರು.

“ಇದಕ್ಕೇನಾಗಿದೆ? ಮುಖ ತೊಳ್ದಿಲ್ಲ ಅಷ್ಟೇ. ನಿನ್ನ ಮಗ ಮುಖ ತೊಳೀದೆ ಬಂದ್ರೆ ಹೊಸ ಮಗನ್ನ ತರ್ತೀಯ?”

ಚೆನ್ನಾಗಿ ಉರಿಯುವ ಎಂಜಿನ್ನಿನ ಬುಜಿ ಹಾಲು ಹಾಕಿದ ಕಾಫಿ ಬಣ್ಣಕ್ಕಿರುತ್ತದೆ. ಹಾಗಾಗಿ ಅವಳು ನನ್ನ ಕಾಫಿಯನ್ನೂ ಬುಜಿ ನೋಡಿದ ಹಾಗೇ ನೋಡುವುದು. ಲೋಟ ಬೆಳಕಿಗೆ ಹಿಡಿದು, “ತಾಮ್, ಇವತ್ತು ಕಪ್ಪಾಗಿದೆ. ಗಂಡನ ಜೊತೆ ಜಗಳನಾ? ಎಂಜಿನ್ ಸರಿಯಾಗಿ ಉರೀತಿಲ್ಲ,” ಅನ್ನುತ್ತಾಳೆ. ನಿಜವಾಗಿಯೂ ಜಗಳ ಆಗಿರುತ್ತದೆ, ಅದಕ್ಕೇ ನನಗೆ ಸಿಟ್ಟು ಬರುವುದು.

ಅಳಿಯ ತ್ವಾನ್ ಸಿಕ್ಕಿದ್ದೂ ಇಲ್ಲೇ. ಪಕ್ಕದ ಜಿಲ್ಲೆಯಲ್ಲಿ ಫ್ರಿಜ್ ರಿಪೇರಿ ಮಾಡುವ ಹುಡುಗ. ಒಂದು ಉಬ್ಬರದ ದಿನ ಗಾಡಿ ನಿಂತು ಬಂದ. ಆ ಹೊತ್ತಿಗೆ ಚಿನ್‌ಳ ಮಗಳು ಲುವಾ ಅಮ್ಮನಿಗೆ ಊಟದ ಡಬ್ಬಿ ತಂದಿದ್ದಳು. ಮರುವಾರ ರಸ್ತೆ ಒಣಗಿ ಧೂಳೇಳುತ್ತಿದ್ದಾಗಲೂ ತ್ವಾನ್ ಗಾಡಿ ತಳ್ಳಿಕೊಂಡು ಬಂದ, ಸರಿಯಾಗಿ ಊಟದ ಹೊತ್ತಿಗೆ. ಅದರ ಮರುವಾರವೂ ಬಂದ. ಚಿನ್ ಬುಜಿ ಬಿಚ್ಚಿ ನೋಡಿದರೆ ಖಡಕ್ಕಾಗಿ ಒಣಗಿದೆ, ಒಳ್ಳೇ ಕಾಫಿ ಬಣ್ಣ.

“ಅಲ್ಲಪ್ಪ, ನಿನ್ನ ಬುಜಿಗೆ ಏನೂ ಆಗಿಲ್ಲ. ಕಾಯಿಲೆ ಬೇರೆ ಕಡೆ ಇದೆ,” ಅಂದಳು.

“ಎಲ್ಲಿ ಚಿಕ್ಕಮ್ಮ?”

“ಅನ್ನದ ಡಬ್ಬಿ ಹತ್ರ.”

ಲುವಾ ಡಬ್ಬಿಯನ್ನು ಅಲ್ಲೇ ಬಿಟ್ಟು ಸೇತುವೆ ಹತ್ತಿ ಓಡಿದಳು. ಅದಾದ ಮೇಲೆ ಎರಡು ಮನೆಯವರೂ ಕೂತು ಮಾತಾಡಿ ಮದುವೆ ಗೊತ್ತಾಯಿತು.

ಮದುವೆಗೆ ಲುವಾ ಅಮ್ಮನ ಹತ್ತಿರ ಕೇಳಿದ್ದು ಒಂದೇ. ಅದನ್ನು ಹೇಳುವ ಮುಂಚೆ ಇನ್ನೊಂದು ಹೇಳಬೇಕು. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಬಿಳಿ ನಿಲುವಂಗಿ. ಬೆಳಿಗ್ಗೆ ಮಗಳ ಕುತ್ತಿಗೆ ಗುಂಡಿ ಹಾಕುವುದು ಚಿನ್‌ಗೆ ಇಷ್ಟ, ಆದರೆ ಎಷ್ಟು ತೊಳೆದರೂ ಹೆಬ್ಬೆರಳಿನ ಗೆರೆಗಳೊಳಗಿನ ಮಸಿ ಹೋಗುತ್ತಿರಲಿಲ್ಲ. ಲುವಾಳ ಕಾಲರಿನ ಮೇಲೆ ಯಾವಾಗಲೂ ಒಂದು ಕರೀ ಮಚ್ಚೆ. ಹುಡುಗಿಯರು ಅವಳನ್ನು ಬುಜಿ, ಬುಜಿ ಅಂತ ಕರೆದು ನಗುತ್ತಿದ್ದರು. ಒಂದು ದಿನ ಅಳುತ್ತಾ ಬಂದು, ಇನ್ನು ಮೇಲೆ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ ಅಂದಳು. ಆಮೇಲೆ ಚಿನ್ ಅವಳ ಕಾಲರ್ ಮುಟ್ಟಲಿಲ್ಲ.

“ಅಮ್ಮ, ನಂಗೆ ಚಿನ್ನ ಪನ್ನ ಏನೂ ಬೇಡ,” ಅಂದಳು ಲುವಾ ನನ್ನ ಕಾಫಿ ಗಾಡಿಯ ಮುಂದೆಯೇ. “ಅವತ್ತೊಂದು ದಿನ ನಿನ್ನ ಕೈ ಬೆಳ್ಳಗಿರ್ಲಿ. ಅಷ್ಟು ಜನ ನೋಡ್ತಿರ್ತಾರೆ.”

ಚಿನ್ ಆಗಲಿ ಅಂದಳು. ನೋವಾಯಿತು ಅವಳಿಗೆ, ಅದು ನನಗೆ ಗೊತ್ತು. ಮಗಳು ಅತ್ತ ಹೋದ ಮೇಲೆ ನಾನು ಚೆನ್ನಾಗಿ ಬೈದೆ: ಆ ಕೈಯಿಂದ ತಾನೇ ಅವಳು ಓದಿದ್ದು, ಹೀಗೆ ಕೇಳಲು ಬಾಯಾದರೂ ಹೇಗೆ ಬಂತು ಅಂತ.

“ಬಿಡೇ ತಾಮ್. ಕೇಳಿರೋದು ಕೈ ತಾನೇ, ಕಿಡ್ನಿ ಅಲ್ವಲ್ಲ,” ಅಂದಳು ಚಿನ್.

ಅವತ್ತೇ ಪೆಟ್ಟಿಗೆ ಮುಚ್ಚಿದಳು. ಅಕ್ಕಿ ತೊಳೆದ ನೀರು, ನಿಂಬೆಹಣ್ಣು, ಚಕ್ಕೋತದ ಸಿಪ್ಪೆ, ಪಾತ್ರೆ ಸೋಪು, ಯಾರು ಏನು ಹೇಳಿದರೆ ಅದರಲ್ಲಿ ಕೈ ನೆನೆಸಿಟ್ಟು ಕೂತಳು. ಅಂಗೈ ಬೆಳ್ಳಗಾಯಿತು, ಬೆರಳೂ ಆಯಿತು. ಉಗುರಿನ ಅಂಚು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನಾನೇ ಕೂತು ಅವಳ ಹತ್ತೂ ಉಗುರಿಗೆ ಕೆಂಪು ಬಣ್ಣ ಬಳಿದೆ. ಕೈ ಮುಂದೆ ಚಾಚಿ ನೋಡಿಕೊಂಡು, “ರಕ್ತ ಕುಡಿಯೋ ದೆವ್ವದ ಥರ ಇದೀನಿ,” ಅಂದಳು. ಆದರೂ ಅವತ್ತು ಸಂಜೆಯೆಲ್ಲ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಲೇ ಇದ್ದಳು.

ಲುವಾಳಿಗೆ ಅಮ್ಮನ ಮೇಲೆ ನಂಬಿಕೆ ಇರಲಿಲ್ಲ. ಪೆಟ್ಟಿಗೆಯನ್ನು ತಂದು ನನ್ನ ಗಾಡಿಯ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿಸಿದಳು. “ತಾಮ್ ಅತ್ತೆ, ಅಮ್ಮ ಕಾಲಿಗೆ ಬಿದ್ರೂ ಕೀಲಿ ಕೊಡ್ಬೇಡಿ.” ಕೊಡುವುದಿಲ್ಲ ಅಂತ ಮಾತು ಕೊಟ್ಟೆ.

ಮದುವೆಯ ದಿನವನ್ನು ಚಿನ್‌ಳೇ ಆರಿಸಿದ್ದಳು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹಾಳೆ ತಿರುವಿ ತಿರುವಿ, ಹತ್ತನೇ ಚಾಂದ್ರಮಾಸದ ಹುಣ್ಣಿಮೆಯ ಮಾರನೇ ದಿನ ಮದುವೆಗೆ ಬಹಳ ಒಳ್ಳೆಯದು, ಅದರಲ್ಲೂ ಬೆಕ್ಕಿನ ಹೊತ್ತು ಅಂತ ಹುಡುಕಿದಳು. ಬೆಕ್ಕಿನ ಹೊತ್ತು ಅಂದರೆ ಬೆಳಿಗ್ಗೆ ಏಳರೊಳಗೆ. ಅಷ್ಟರಲ್ಲಿ ಗಂಡಿನವರು ಮನೆ ಹೊಕ್ಕು, ತಾವು ತಂದ ಜೋಡಿ ಕೆಂಪು ಮೇಣದ ಬತ್ತಿಗಳನ್ನು ಹೆಣ್ಣಿನ ಮನೆಯ ಗತಿಸಿದ ಹಿರಿಯರ ಪೀಠದ ಮುಂದೆ ಹಚ್ಚಬೇಕು. ಒಂದರ ಮೇಲೆ ಡ್ರ್ಯಾಗನ್, ಅದು ಗಂಡು. ಇನ್ನೊಂದರ ಮೇಲೆ ಉದ್ದ ಬಾಲದ ಹಕ್ಕಿ, ಅದು ಹೆಣ್ಣು. ಎರಡೂ ಹೊತ್ತಿಕೊಂಡು ಒಂದೇ ಸಮ ಉರಿದರೆ ಸಂಸಾರ ಸುಖವಾಗಿರುತ್ತದೆ. ಒಂದು ಆರಿಹೋದರೆ ಏನು ಅನ್ನುವುದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅವತ್ತು ಬೆಳಿಗ್ಗೆ ಚಿನ್ ಕಡುನೀಲಿ ರೇಷ್ಮೆ ನಿಲುವಂಗಿ ತೊಟ್ಟು ಒಳಗೂ ಹೊರಗೂ ಓಡಾಡುತ್ತಿದ್ದಳು. ಅವಳ ಮನೆ ಸೇತುವೆಯ ಆಚೆ ಕಡೆ ಎತ್ತರದ ಓಣಿಯಲ್ಲಿ. ಗಂಡಿನವರು ಇನ್ನೂ ಬರಲಿಲ್ಲ ಅಂತ ಕೂರಲಾರದೆ ನನ್ನನ್ನು ಎಳೆದುಕೊಂಡು ಸೇತುವೆಯ ನೆತ್ತಿಗೆ ಬಂದಳು. ಅಲ್ಲಿಂದ ಕೆಳಗೆ ನೋಡಿದೆವು. ರಸ್ತೆ ಇರಲಿಲ್ಲ, ಕಾಲುವೆಯೇ ಇತ್ತು. ಅದರ ನಡುವೆ ಬಣ್ಣಬಣ್ಣದ ರೇಷ್ಮೆ ತೊಟ್ಟ ಗಂಡಿನ ಕಡೆಯವರು, ಕೆಂಪು ಬಟ್ಟೆ ಮುಚ್ಚಿದ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು, ಒಂದೂ ಸದ್ದು ಮಾಡದ ಬೈಕುಗಳ ಪಕ್ಕ ನಿಂತಿದ್ದರು.

“ತಾಮ್, ಇವತ್ತು ಹದಿನಾರು,” ಅಂದಳು ಚಿನ್.

“ಹೌದು.”

“ಹತ್ತನೇ ತಿಂಗಳ ಹದಿನಾರು.”

ಆಗ ನನಗೂ ಹೊಳೆಯಿತು. ವರ್ಷದ ಅತಿ ದೊಡ್ಡ ಉಬ್ಬರ ಬರುವುದು ಈ ಹುಣ್ಣಿಮೆಗೇ. ಊರಿಗೆಲ್ಲ ಉಬ್ಬರದ ದಿನ ಬಾಯಿಪಾಠ ಒಪ್ಪಿಸುವವಳು, ತನ್ನ ಮಗಳ ಮದುವೆಗೆ ಹುಡುಕಿ ಹುಡುಕಿ ಅದನ್ನೇ ಆರಿಸಿದ್ದಾಳೆ.

“ಅದ್ ಹೆಂಗೆ ಮರೆತೆ ಮಾರಾಯ್ತಿ?”

“ಉಬ್ಬರ ಅಂದ್ರೆ ನಂಗೆ ಕೆಲಸದ ದಿನ. ಮದುವೆ ದಿನ ಕೆಲಸ ಇಲ್ವಲ್ಲ. ಅದಕ್ಕೇ ಸಮುದ್ರಕ್ಕೂ ರಜಾ ಅನ್ಕೊಂಡ್ಬಿಟ್ಟೆ.”

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ, ಅಂಗೈ ಚಾಚಿದಳು.

“ಕೀಲಿ.”

“ಕೊಡಲ್ಲ. ಲುವಾಗೆ ಮಾತು ಕೊಟ್ಟಿದೀನಿ. ನಡ್ಕೊಂಡು ಬರ್ಲಿ ಬಿಡು ಅವ್ರು.”

ಆದರೆ ಕೆಳಗಿನಿಂದ ತ್ವಾನನ ತಾಯಿಯ ಮಾತು ಆಗಲೇ ಕೇಳುತ್ತಿತ್ತು. ಸತ್ತ ಗಾಡಿ ತಳ್ಳಿಕೊಂಡು ಹೆಣ್ಣಿನ ಮನೆಗೆ ಬಂದವರು ಅಂತ ಜನ್ಮವಿಡೀ ಅನ್ನಿಸಿಕೊಳ್ಳಲು ತಾನು ತಯಾರಿಲ್ಲ, ಇಲ್ಲೇ ನಿಂತಿರುತ್ತೇನೆ ಅಂತ ಆಕೆ ಮಗನಿಗೆ ಹೇಳುತ್ತಿದ್ದಳು. ಮೊಣಕಾಲುದ್ದ ನೀರಲ್ಲಿ ನಿಂತ ತ್ವಾನನ ಅಜ್ಜ ಎದೆಗೆ ಒಂದು ಉದ್ದನೆ ಪೆಟ್ಟಿಗೆ ಅವುಚಿಕೊಂಡಿದ್ದ. ಬೈಕು ಕೆಮ್ಮಿ ನಿಂತಾಗ ಅದು ಅವನ ಕೈಜಾರಿ ನೀರಿಗೆ ಬಿದ್ದಿತ್ತಂತೆ. ಜೋಡಿ ಮೇಣದ ಬತ್ತಿ ಇದ್ದದ್ದು ಅದರಲ್ಲೇ.

ಬೆಕ್ಕಿನ ಹೊತ್ತು ಜಾರುತ್ತಿತ್ತು. ಅವಳ ಅಂಗೈ ಇನ್ನೂ ನನ್ನ ಮುಂದೆಯೇ ಇತ್ತು, ಬೆಳ್ಳಗೆ, ಕೆಂಪು ಉಗುರು ಹೊಳೆಯುತ್ತಾ. ಕೀಲಿ ಕೊಟ್ಟುಬಿಟ್ಟೆ.

ನಿಲುವಂಗಿಯ ಅಂಚು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗಿಳಿದು ನನ್ನ ಗಾಡಿಯ ಬೀಗ ತೆಗೆದಳು. ಬೈಕುಗಳನ್ನೆಲ್ಲ ಸೇತುವೆಯ ಏರಿಗೆ ತಳ್ಳಿಸಿ ಸಾಲಾಗಿ ನಿಲ್ಲಿಸಿದಳು. ಮದುಮಗ ಅವಳ ತಗಡಿನ ಪೆಟ್ಟಿಗೆ ಹಿಡಿದುಕೊಂಡ. ಬಿಚ್ಚು, ಮೂಸು, ಒರೆಸು, ಊದು, ಮುಂದಿನದು. ತ್ವಾನನ ಬೈಕಿನದು ತೆಗೆದವಳೇ ಎತ್ತಿ ತೋರಿಸಿದಳು.

“ಅಳಿಯಂದಿರೆ, ಇವತ್ತಾದ್ರೂ ನಿಜವಾಗ್ಲೂ ಒದ್ದೆ ಆಗಿದೆ.”

ನಿಂತವರೆಲ್ಲ ನಕ್ಕರು, ಬೀಗಿತಿಯೊಬ್ಬಳನ್ನು ಬಿಟ್ಟು. ಆಕೆಯ ಬೈಕಿನ ಬುಜಿ ಮಾತ್ರ ಪಿಂಗಾಣಿ ಸೀಳಿ ನಿಜವಾಗಿಯೂ ಸತ್ತಿತ್ತು. ಚಿನ್ ಪೆಟ್ಟಿಗೆಯೊಳಗಿನ ಒಂದು ಬಿಸ್ಕತ್ತಿನ ಡಬ್ಬಿಯಿಂದ, ಉಜ್ಜಿ ಒಣಗಿಸಿಟ್ಟ ಹಳೆಯದೊಂದನ್ನು ಆರಿಸಿ ತೆಗೆದಳು. “ಬೀಗಿತಿ, ಇದು ಹೊಸದಲ್ಲ. ಆದ್ರೆ ಮರ್ಯಾದಸ್ಥ.” ಬೈಕು ಒಂದೇ ಒದೆತಕ್ಕೆ ಎದ್ದಾಗ ಬೀಗಿತಿಯ ಬಿಗಿದ ತುಟಿಯೂ ಸ್ವಲ್ಪ ಸಡಿಲವಾಯಿತು.

ಅಜ್ಜ ಅಷ್ಟೂ ಹೊತ್ತು ಅವಳ ಕೈಯನ್ನೇ ನೋಡುತ್ತಿದ್ದ. “ಬುಜಿ ಅಂದ್ರೇನು ಗೊತ್ತೇನಮ್ಮ? ಫ್ರೆಂಚರ ಮಾತು ಅದು. ನಾನು ರಬ್ಬರ್ ತೋಟದಲ್ಲಿ ಲಾರಿ ಓಡಿಸ್ತಿದ್ದಾಗ ದೊರೆ ಹೇಳಿದ್ದ. ಮೇಣದ ಬತ್ತಿ ಅಂತ ಅರ್ಥ.”

“ಹಾಗಾದ್ರೆ ಇಷ್ಟು ವರ್ಷ ದೀಪ ಒರೆಸ್ತಾ ಕೂತಿದ್ದೆ ಅನ್ನಿ,” ಅಂದಳು ಚಿನ್. “ಪುಣ್ಯ ಬೇಕಾದಷ್ಟು ಬಂದಿರ್ಬೇಕು, ಎಲ್ಲಿಟ್ಟಿದೀನೋ ಏನೋ.”

ಗಂಡಿನವರು ಗುಡುಗುಡು ಸದ್ದು ಮಾಡುತ್ತಾ, ಹೊಗೆ ಬಿಡುತ್ತಾ, ಮರ್ಯಾದೆಯಿಂದಲೇ ಓಣಿಗೆ ಬಂದರು. ಚಿನ್ ಹಿಂಬಾಗಿಲಿನಿಂದ ನುಗ್ಗಿ ನಲ್ಲಿಯ ಕೆಳಗೆ ಕೈ ಉಜ್ಜಿದ್ದೇ ಉಜ್ಜಿದ್ದು. ಎಲ್ಲಿ ಹೋಗುತ್ತದೆ? ಇಷ್ಟು ದಿನದ ನಿಂಬೆಹಣ್ಣು, ಚಕ್ಕೋತ ಎಲ್ಲ ನೀರುಪಾಲು. ಬೆರಳ ಗೆರೆಗೆರೆಯಲ್ಲೂ ಮಸಿ, ಉಗುರಿನ ಕೆಂಪು ಅರ್ಧರ್ಧ ಎದ್ದುಹೋಗಿತ್ತು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಂದು ನನ್ನ ಪಕ್ಕ ಗೋಡೆಗೆ ಒರಗಿ ನಿಂತಳು. ಪೀಠದ ಮುಂದೆ ತೆಳು ಗುಲಾಬಿ ನಿಲುವಂಗಿಯಲ್ಲಿ ನಿಂತಿದ್ದ ಲುವಾ ಅಮ್ಮನ ಒದ್ದೆ ರೇಷ್ಮೆ ನೋಡಿದಳು, ಹಿಂದೆ ಕಟ್ಟಿದ ಕೈ ನೋಡಿದಳು. ಅವಳ ಮುಖ ಸಣ್ಣದಾಯಿತು. ನನಗೆ ಆ ಕೀಲಿ ಎಲ್ಲಾದರೂ ಕಾಲುವೆಗೆ ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಜ್ಜ ದೀಪ ಹಚ್ಚಲು ಬಂದ. ಡ್ರ್ಯಾಗನ್ ಹೇಗೋ ಹೊತ್ತಿಕೊಂಡಿತು. ಹಕ್ಕಿಯ ಬತ್ತಿ ಚಿರ್ ಅಂತ ಎರಡು ಕಿಡಿ ಹಾರಿಸಿ ಆರಿಹೋಯಿತು. ಇನ್ನೊಂದು ಕಡ್ಡಿ ಗೀರಿದ, ಮತ್ತೆ ಚಿರ್ ಅಂದು ಆರಿತು. ಮನೆ ತುಂಬ ಜನ, ಒಂದು ಉಸಿರಿನ ಸದ್ದಿಲ್ಲ. ಬೀಗಿತಿ ಕಣ್ಣು ಮುಚ್ಚಿ ಏನೋ ಜಪ ಮಾಡತೊಡಗಿದಳು. ಗೋಡೆ ಗಡಿಯಾರದ ಮುಳ್ಳು ಏಳಕ್ಕೆ ಮುಟ್ಟುವುದೊಂದು ಬಾಕಿ. ಆರಿದ್ದು ಹೆಣ್ಣಿನ ದೀಪ.

ಅಜ್ಜ ಮೆಲ್ಲಗೆ ತಿರುಗಿದ. “ಬುಜಿ ಒದ್ದೆ ಆಗಿದೆ. ಒರೆಸೋರು ಯಾರಾದ್ರೂ ಇದಾರಾ ಈ ಮನೇಲಿ?”

ಯಾರೂ ನಗಲಿಲ್ಲ. ಚಿನ್ ಕದಲಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದಳು. ಕೇಳಿದ್ದು ಒಂದೇ ಒಂದು, ಅದನ್ನೂ ಉಳಿಸಿಕೊಡಲಿಲ್ಲ, ಈಗ ಇಷ್ಟು ಜನರ ಮುಂದೆ ಈ ಕೈಯನ್ನು ಹೇಗೆ ಚಾಚಲಿ ಅಂತ ಅವಳ ಕಣ್ಣೇ ಹೇಳುತ್ತಿತ್ತು.

ಲುವಾ ಜಾಗ ಬಿಟ್ಟು ನಮ್ಮ ಹತ್ತಿರ ಬಂದಳು. ಅಮ್ಮನ ಬೆನ್ನ ಹಿಂದಿನಿಂದ ಎರಡೂ ಕೈಗಳನ್ನು ಎಳೆದು ಮುಂದೆ ತಂದಳು. ಕಪ್ಪು, ಕೆಂಪು ಎಲ್ಲ ಕಲಸಿಹೋದ ಆ ಕೈಗಳನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು.

“ಒರೆಸಮ್ಮ,” ಅಂದಳು.

ಚಿನ್ ಹೋಗಿ ಹಕ್ಕಿಯ ಬತ್ತಿಯನ್ನು ಕೈಗೆತ್ತಿಕೊಂಡು ಮೊದಲು ಮಾಡಿದ ಕೆಲಸ ಅದನ್ನು ಮೂಸಿದ್ದು. ಆಗ ಹಿಂದೆ ಯಾರೋ ಕಿಸಕ್ಕೆಂದರು, ಮನೆಗೆಲ್ಲ ಉಸಿರು ಬಂತು. ಉಗುರಿನಿಂದ ಬತ್ತಿಯ ಸುತ್ತಲಿನ ಒದ್ದೆ ಮೇಣ ಕೆರೆದಳು. ತನ್ನ ರೇಷ್ಮೆಯ ಒಣಗಿದ ತುದಿ ಹುಡುಕಿ ಅದರಲ್ಲಿ ನೂಲನ್ನು ಹಿಂಡಿದಳು. ತಾಂಬೂಲದ ತಟ್ಟೆಯ ಕತ್ತರಿಯಿಂದ ತುದಿ ಕತ್ತರಿಸಿ, ಡ್ರ್ಯಾಗನ್ ದೀಪದ ಉರಿಗೆ ತಾಗದ ಹಾಗೆ ಹಿಡಿದು ಬೆಚ್ಚಗೆ ಮಾಡಿದಳು. ಬಾಯಿಯ ಕೊನೆಯಿಂದ ಉಫ್ ಅಂತ ಊದಿದಾಗ ಇರುವ ದೀಪವೂ ಎಲ್ಲಿ ಆರುತ್ತದೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ಕೊನೆಗೆ ಸೊಂಟದಿಂದ ಆ ಮೂರು ಮಡಿಕೆಯ ತಗಡು ತೆಗೆದು, ಅದನ್ನು ಪಕ್ಕದಲ್ಲಿ ಹಿಡಿದು ಎರಡೂ ಬತ್ತಿಯ ನೂಲು ಒಂದೇ ಎತ್ತರ ಮಾಡಿದಳು.

“ಈಗ ಹಚ್ಚಿ ಅಜ್ಜ.”

ಹೊತ್ತಿಕೊಂಡಿತು. ಎರಡು ಉರಿಯೂ ಪಕ್ಕಪಕ್ಕದಲ್ಲಿ ಒಂದೇ ಸಮ ನೆಟ್ಟಗೆ ನಿಂತವು.

“ಯಾರ ಉರಿನೂ ಎತ್ತರ ಇಲ್ಲ, ಇನ್ನು ಯಾರೂ ಯಾರನ್ನೂ ಆಳೋ ಹಾಗಿಲ್ಲ,” ಅಂದ ಅಜ್ಜ.

“ನಮ್ಮ ಕಡೇದು ಒಂಚೂರು ಎತ್ತರ ಇಟ್ಟಿದ್ರೆ ಗಂಟೇನು ಹೋಗ್ತಿತ್ತು,” ಅಂದಳು ಬೀಗಿತಿ, ಕಣ್ಣೊರೆಸಿಕೊಂಡು ನಗುತ್ತಾ.

ಆಮೇಲೆ ತಾಯಿ ಮಗಳಿಗೆ ಸರ ಹಾಕುವ ಶಾಸ್ತ್ರ. ಚಿನ್‌ಳ ಕೈಗೆ ಕೊಂಡಿ ಬೇಗ ಸಿಕ್ಕಲಿಲ್ಲ. ಸಿಕ್ಕಿಸಿ, ಮುಂದೆ ಸರ ನೇರ ಮಾಡಿ ಕೈ ತೆಗೆದಾಗ ಲುವಾಳ ಗುಲಾಬಿ ಕಾಲರಿನ ಮೇಲೆ, ಸರಿಯಾಗಿ ಮುಂದೆಯೇ, ಹೆಬ್ಬೆರಳಿನ ಕರೀ ಗುರುತು ಮೂಡಿತ್ತು. ಚಿನ್ ಗಾಬರಿಯಾಗಿ ಒರೆಸಲು ಹೋದಳು, ಲುವಾ ಅವಳ ಕೈ ಹಿಡಿದುಕೊಂಡಳು. ಹಾಗೆ ಹಿಡಿದುಕೊಂಡೇ ಫೋಟೋಗೆ ನಿಂತರು. ನಾನು ಅತ್ತೆ, ಮೂಗು ಸೋರುವಷ್ಟು ಅತ್ತೆ, ಫೋಟೋದ ಮೂಲೆಯಲ್ಲಿ ಅದೂ ಬಿದ್ದಿದೆ.

ಕೆಲವು ದಿನ ಬಿಟ್ಟು ಸ್ಟುಡಿಯೋದವನು ಫೋಟೋ ತೋರಿಸಲು ನನ್ನ ಗಾಡಿಗೇ ಬಂದ. ಚಿನ್ ತನ್ನ ಸ್ಟೂಲಿನ ಮೇಲೆ ಯಾರದೋ ಬುಜಿ ಉಜ್ಜುತ್ತಿದ್ದಳು. ಲುವಾ, ತ್ವಾನ್ ಇಬ್ಬರೂ ಅಲ್ಲೇ ಕಾಫಿ ಕುಡಿಯುತ್ತಿದ್ದರು.

“ಎಲ್ಲಾ ಚೆನ್ನಾಗಿ ಬಂದಿದೆ,” ಅಂದ ಅವನು. “ಕಾಲರ್ ಮೇಲೆ ಏನೋ ಒಂದು ಕರೀ ಮಚ್ಚೆ ಬಿದ್ದಿದೆ ನೋಡಿ. ಕಂಪ್ಯೂಟರ್‌ನಲ್ಲಿ ಎರಡು ನಿಮಿಷದ ಕೆಲಸ, ಅಳಿಸಿ ಕೊಡ್ತೀನಿ.”

ಲುವಾ ಲೋಟ ಕೆಳಗಿಟ್ಟಳು. “ಅದನ್ನ ಮುಟ್ಟಿದ್ರೆ ಫೋಟೋ ನೀವೇ ಇಟ್ಕೊಳ್ಳಿ.”

ಚಿನ್ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಬುಜಿ ಆಗಲೇ ಹೊಳೆಯುತ್ತಿತ್ತು, ಆದರೂ ಅದನ್ನೇ ಒರೆಸುತ್ತಾ ಕೂತಿದ್ದಳು.